ಘಾಟಿ ಇಳಿಯುವ ಲಾರಿಗೆ ಕಾರಿನ ನಕ್ಷೆ ಸಾಲದು

ಮಾನ್ಯ ಸಂಪಾದಕರೇ,

ಆಗುಂಬೆ ತಿರುವಿನಲ್ಲಿ ಲಾರಿ ಸಿಕ್ಕಿಕೊಂಡು ಸಂಚಾರ ಅಸ್ತವ್ಯಸ್ತವಾಯಿತು ಎಂಬ ಸುದ್ದಿ ಬಂದಾಗಲೆಲ್ಲ ಬೈಗುಳ ಬೀಳುವುದು ಚಾಲಕನಿಗೆ. 'ಬೋರ್ಡ್ ಓದೋಕೆ ಬರಲ್ವಾ' ಎನ್ನುವವರಿದ್ದಾರೆ, 'ಗೂಗಲ್ ನಂಬಿ ಕೆಟ್ಟ' ಎನ್ನುವವರೂ ಇದ್ದಾರೆ. ಆ ಲಾರಿ ಅಲ್ಲಿಗೆ ಹೇಗೆ ಬಂತು ಎಂದು ಕೇಳುವವರು ಕಡಿಮೆ.

ನಮ್ಮ ಚಾಲಕರ ಕೈಯಲ್ಲಿರುವ ಗೂಗಲ್ ಮ್ಯಾಪ್‌ನಲ್ಲಿ ಕಾರು, ಬೈಕು, ಬಸ್ಸು–ರೈಲು, ಕಾಲ್ನಡಿಗೆಗೆ ದಾರಿ ಕೇಳಬಹುದು. ಲಾರಿಗೆ ಕೇಳಲು ಅದರಲ್ಲಿ ಜಾಗವೇ ಇಲ್ಲ. ಗಾಡಿಯ ಉದ್ದ, ಎತ್ತರ, ತೂಕ, ಆಕ್ಸಲ್ (ಚಕ್ರಗಳ ಅಚ್ಚು) ಎಷ್ಟು ಎಂದು ಅದು ವಿಚಾರಿಸುವುದಿಲ್ಲ. ಶಿವಮೊಗ್ಗದಿಂದ ಮಲ್ಪೆಗೆ ದಾರಿ ಕೇಳಿದರೆ ತೀರ್ಥಹಳ್ಳಿ, ಆಗುಂಬೆ, ಹೆಬ್ರಿ ಮೂಲಕ 169ಎ ಹೆದ್ದಾರಿ ತೋರಿಸುತ್ತದೆ. ಕಾರಿಗೆ ಅದು ಸರಿಯಾದ ದಾರಿಯೇ. ಆದರೆ ಆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ, ಭಾರೀ ವಾಹನಕ್ಕೆ ಪ್ರವೇಶವಿಲ್ಲ.

ಹತ್ತು ಚಕ್ರದ ಲಾರಿ ಅಂಥ ತಿರುವನ್ನು ಒಂದೇ ಸಲಕ್ಕೆ ತಿರುಗಿಸಲಾರದು. ಮುಂದಿನ ಬಂಪರ್ ಹೊರಗಿನ ತಡೆಗೋಡೆ ಮುಟ್ಟುವ ಹೊತ್ತಿಗೆ ಹಿಂದಿನ ಚಕ್ರ ಒಳಗಿನ ಚರಂಡಿಯ ಅಂಚಿಗೆ ಬಂದಿರುತ್ತದೆ. ರಿವರ್ಸ್ ತೆಗೆದು ಮತ್ತೊಮ್ಮೆ ಸ್ಟೇರಿಂಗ್ ತಿರುಗಿಸಬೇಕು, ಅಷ್ಟರಲ್ಲಿ ಹಿಂದೆ ಬಸ್ಸು ಬಂದು ನಿಂತಿರುತ್ತದೆ. ಏರುವ ಗಾಡಿ ಲೋಡಿನ ಸಮೇತ ಹಾಫ್ ಕ್ಲಚ್ಚಿನಲ್ಲಿ ತಿಣುಕಿ ಕ್ಲಚ್ ಪ್ಲೇಟ್ ಸುಟ್ಟುಕೊಳ್ಳುತ್ತದೆ. ಇಳಿಯುವ ಗಾಡಿಯ ಪಾಡು ಇನ್ನೂ ಕಷ್ಟ. ಬ್ರೇಕ್ ಒತ್ತಿ ಬಿಟ್ಟು, ಒತ್ತಿ ಬಿಟ್ಟು, ಬ್ರೇಕಿಗೆ ಶಕ್ತಿ ಕೊಡುವ ಟ್ಯಾಂಕಿನ ಗಾಳಿ ಇಳಿಯುತ್ತದೆ. ಗಾಳಿಯ ಒತ್ತಡ ತೋರಿಸುವ, 8 ಬಾರ್ ಆಸುಪಾಸಿನಲ್ಲಿರಬೇಕಾದ ಮುಳ್ಳು 5ರ ಹತ್ತಿರ ಬಂದು ಬಜರ್ ಕೂಗುವಷ್ಟರಲ್ಲಿ, ಉಜ್ಜಿ ಚಕ್ರ ನಿಲ್ಲಿಸುವ ಬ್ರೇಕ್ ಲೈನರ್ ಕಾದು ಹಿಡಿತ ಬಿಟ್ಟಿರುತ್ತದೆ. ಘಾಟಿಯ ತಲೆಯಲ್ಲೇ ನಿಲ್ಲಿಸಿ, ಚಕ್ರ ಮುಟ್ಟಿ ನೋಡಿ, ಗೇರ್ ಇಳಿಸಿ, ಎಂಜಿನ್ನಿನ ಹೊಗೆ ತಡೆದು ವೇಗ ತಗ್ಗಿಸುವ ಎಕ್ಸಾಸ್ಟ್ ಬ್ರೇಕ್ ಹಾಕಿಕೊಂಡು ಹೊರಡಬೇಕೆಂದು ಹಳಬರು ಹೇಳುವುದು ಇದಕ್ಕೇ. ಇಳಿಜಾರು ಎಲ್ಲಿಂದ ಶುರು ಎಂಬುದನ್ನು ಫೋನು ಹೇಳುವುದಿಲ್ಲ.

ಹಾಗಾದರೆ ಕಾಗದದ ನಕ್ಷೆಗೆ ಮರಳಬೇಕೇ? ಪುಸ್ತಕದಂಗಡಿಯಿಂದ ತಂದ ನಕ್ಷೆಯನ್ನು ಹಾಗೇ ನಂಬಿದರೂ ಕೆಡುತ್ತೇವೆ. 2010ರಲ್ಲಿ ರಾಷ್ಟ್ರೀಯ ಹೆದ್ದಾರಿಗಳ ಸಂಖ್ಯೆ ಬದಲಾಯಿತು. ಹಳೆಯ ನಕ್ಷೆಯಲ್ಲಿ 48 ಎಂದರೆ ಬೆಂಗಳೂರು–ಹಾಸನ–ಮಂಗಳೂರು. ಈಗಿನ ಫಲಕದಲ್ಲಿ 48 ಎಂದರೆ ತುಮಕೂರು, ಚಿತ್ರದುರ್ಗ, ಹುಬ್ಬಳ್ಳಿ ಮೇಲೆ ಹೋಗುವ ಪುಣೆ ರಸ್ತೆ, ಮಂಗಳೂರು ರಸ್ತೆ 75 ಆಗಿದೆ. ಎರಡೂ ಕವಲೊಡೆಯುವುದು ನೆಲಮಂಗಲದಲ್ಲೇ. ಹೊರರಾಜ್ಯದ ಚಾಲಕ ಹಳೆಯ ಅಟ್ಲಾಸ್ ಹಿಡಿದು ಬಂದರೆ ಅಲ್ಲೇ ದಾರಿ ತಪ್ಪುತ್ತಾನೆ. ಇನ್ನು ಪ್ರಮಾಣದ ಮಾತು. ಹತ್ತು ಲಕ್ಷಕ್ಕೆ ಒಂದರ ನಕ್ಷೆಯಲ್ಲಿ 1 ಸೆಂ.ಮೀ. ಅಂದರೆ 10 ಕಿ.ಮೀ. ಆಗುಂಬೆಯಿಂದ ಸೋಮೇಶ್ವರದವರೆಗಿನ ಅಷ್ಟೂ ತಿರುವು ಅದರಲ್ಲಿ ಹೆಚ್ಚುಕಡಿಮೆ ಒಂದು ಸೆಂಟಿಮೀಟರಿನ ನೇರ ಗೆರೆ.

ಆದರೂ ದಾರಿ ಯಾವುದೆಂದು ತೀರ್ಮಾನಿಸುವ ಕೆಲಸ ಕಾಗದದ ಮೇಲೇ ಆಗಬೇಕು, ಅದೂ ಲೋಡು ಬಿಗಿದು ಟಾರ್ಪಾಲ್ ಕಟ್ಟುವ ಮೊದಲು. ಅರಬೈಲು, ದೇವಿಮನೆ, ಹುಲಿಕಲ್, ಆಗುಂಬೆ, ಚಾರ್ಮಾಡಿ, ಶಿರಾಡಿ, ಸಂಪಾಜೆ, ಕರಾವಳಿಗೆ ಇಳಿಯುವ ಈ ಎಲ್ಲ ಘಾಟಿಗಳೂ ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಕಾಣುತ್ತವೆ. ಒಂದು ಮುಚ್ಚಿದರೆ ಮುಂದಿನದು ಎಷ್ಟು ದೂರ, ಯಾವ ಊರಿನಲ್ಲಿ ತಿರುಗಿಕೊಳ್ಳಬೇಕು ಎಂಬುದು ಒಂದೇ ನೋಟಕ್ಕೆ ಸಿಗುತ್ತದೆ. ಶಿರಾಡಿ ಬಂದ್ ಎಂದು ನೆಲಮಂಗಲದಲ್ಲೇ ತಿಳಿದರೆ ಮೈಸೂರು, ಮಡಿಕೇರಿ ಕಡೆ ಯೋಚಿಸಬಹುದು. ಸಕಲೇಶಪುರದಲ್ಲಿ ತಿಳಿದರೆ ಬಂದ ದಾರಿಯನ್ನೇ ಹಿಂದಕ್ಕೆ ಅಳೆಯಬೇಕು. ಮಡಿಕೇರಿ ದಾರಿಯ ಸಂಪಾಜೆಯಲ್ಲೂ ಮಳೆಗಾಲದಲ್ಲಿ ಮಲ್ಟಿ ಆಕ್ಸಲ್ (ಎರಡಕ್ಕಿಂತ ಹೆಚ್ಚು ಅಚ್ಚಿನ) ಗಾಡಿಗಳಿಗೆ ನಿರ್ಬಂಧ ಬೀಳುವುದುಂಟು, ಅದನ್ನೂ ಮೊದಲೇ ವಿಚಾರಿಸಿಕೊಂಡಿರಬೇಕು.

ನಕ್ಷೆಯನ್ನು ಕೆಲಸಕ್ಕೆ ಬರುವಂತೆ ಮಾಡಿಕೊಳ್ಳಲು ಅರ್ಧ ಗಂಟೆ ಸಾಕು. ಹಳೆಯ ಹೆದ್ದಾರಿ ಸಂಖ್ಯೆ ಹೊಡೆದು ಹೊಸದನ್ನು ಬರೆಯಿರಿ. ನಿಮ್ಮ ಗಾಡಿಗೆ ನಿಷೇಧವಿರುವ ಘಾಟಿಗೆ ಕೆಂಪು ಗೀಟು ಎಳೆಯಿರಿ. ಘಾಟಿಯ ತಲೆಗೊಂದು ಚುಕ್ಕಿ ಇರಲಿ: ಶಿರಾಡಿಗೆ ಮಾರನಹಳ್ಳಿ, ಚಾರ್ಮಾಡಿಗೆ ಕೊಟ್ಟಿಗೆಹಾರ. 40 ಅಡಿ ಟ್ರೈಲರ್ ತಿರುಗಿಸಬಹುದಾದ ಜಾಗಗಳಿಗೆ, ಅಂದರೆ ದೊಡ್ಡ ಪೆಟ್ರೋಲ್ ಬಂಕ್, ಎಪಿಎಂಸಿ ಅಂಗಳ, ವೇಬ್ರಿಜ್‌ಗಳಿಗೆ ನೀಲಿ ಸುತ್ತು ಹಾಕಿ. ತಾತ್ಕಾಲಿಕ ಬಂದ್ ಮಾತ್ರ ಪೆನ್ಸಿಲಿನಲ್ಲಿ, ಪಕ್ಕದಲ್ಲಿ ತಾರೀಖು. ಜೊತೆಗೆ ಒಂದು ಚೀಟಿ ಬರೆದು ಡ್ಯಾಶ್‌ಬೋರ್ಡಿಗೆ ಅಂಟಿಸಿ. ಅದರಲ್ಲಿ ಬರುವ ಊರುಗಳ ಜೊತೆಗೆ ಬರಬಾರದ ಊರುಗಳೂ ಇರಲಿ. ಹಾಸನದಿಂದ ಶಿರಾಡಿಗೆ ಹೊರಟವರಿಗೆ ಬೇಲೂರು ಬಂದರೆ ಚಾರ್ಮಾಡಿ ದಾರಿ ಹಿಡಿದಿದ್ದೀರಿ ಎಂದರ್ಥ. ತೀರ್ಥಹಳ್ಳಿಯಿಂದ ಹುಲಿಕಲ್ ಕಡೆ ಹೋಗಬೇಕಾದವರಿಗೆ ಮೇಗರವಳ್ಳಿ ಕಂಡರೆ ಅಲ್ಲೇ ನಿಲ್ಲಿಸಬೇಕು, ಮುಂದಿರುವುದು ಆಗುಂಬೆ. ದಾರಿ ತಪ್ಪಿದ್ದು ಬೇಗ ಗೊತ್ತಾಗುವುದು ಈ 'ಬರಬಾರದ ಊರಿನ' ಪಟ್ಟಿಯಿಂದಲೇ.

ಫೋನಿನ ಕೆಲಸ ಆಮೇಲಿನದು: ಈಗ ಎಲ್ಲಿದ್ದೇವೆ, ಮುಂದಿನ ಕವಲು ಎಷ್ಟು ದೂರ, ಎದುರಿಗೆ ಜಾಮ್ ಇದೆಯೇ. ಮ್ಯಾಪ್ ಬೈಕಿನ ಗುರುತಿನಲ್ಲಿ ಉಳಿದಿಲ್ಲವೆಂದು ಹೊರಡುವ ಮೊದಲು ನೋಡಿಕೊಳ್ಳಬೇಕು. ಟೋಲ್ ತಪ್ಪಿಸುವ ಆಯ್ಕೆ ಆರಿಸಿರಲೇಬಾರದು, ಅದು ಲಾರಿಯನ್ನು ಹಳ್ಳಿ ಓಣಿಗೂ ರೈಲ್ವೆ ಕೆಳಸೇತುವೆಗೂ ತಂದು ನಿಲ್ಲಿಸುತ್ತದೆ. ಕಂಟೇನರ್ ಗಾಡಿಯವರು ನೆಲದಿಂದ ತುದಿಯವರೆಗೆ ಎತ್ತರ ಅಳೆದು ಕ್ಯಾಬಿನ್ನಿನಲ್ಲಿ ಬರೆದಿಡಲಿ, ಹೈ ಕ್ಯೂಬ್ ಎನ್ನುವ ಎತ್ತರದ ಕಂಟೇನರ್ ಪೆಟ್ಟಿಗೆಯೊಂದೇ 2.9 ಮೀಟರ್ ಇರುತ್ತದೆ. ತಲುಪುವ ಊರನ್ನಷ್ಟೇ ಕೊಡದೆ ಸಕಲೇಶಪುರ, ಗುಂಡ್ಯ, ಉಪ್ಪಿನಂಗಡಿ, ಬಿ.ಸಿ. ರೋಡ್ ಎಂದು ನಡುವಿನ ನಿಲುಗಡೆಗಳನ್ನೂ ಸೇರಿಸಿದರೆ ಅದು ತನ್ನಿಷ್ಟಕ್ಕೆ ಅಡ್ಡದಾರಿ ಹಿಡಿಸುವುದು ಕಡಿಮೆಯಾಗುತ್ತದೆ. ಉಪಗ್ರಹದ ಸಂಕೇತಕ್ಕೆ ಮೊಬೈಲ್ ನೆಟ್‌ವರ್ಕ್ ಬೇಡ ನಿಜ. ಆದರೆ ನೆಟ್‌ವರ್ಕ್ ಇಲ್ಲದ ಘಾಟಿಯಲ್ಲಿ ರಸ್ತೆ ಬಂದ್ ಆದ ಸುದ್ದಿ ಫೋನಿಗೆ ಬರುವುದಿಲ್ಲ, ಹಳೆಯ ನೀಲಿ ಗೆರೆಯನ್ನೇ ಅದು ತೋರಿಸುತ್ತಿರುತ್ತದೆ.

ಇನ್ನೊಂದು ಕಂಟಕ ಹೊತ್ತಿನದು. ಬಂಡೀಪುರದ ಮೂಲಕ ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿಗೂ ಊಟಿಗೂ ಹೋಗುವ ರಸ್ತೆಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧವಿದೆ. ಸಂಜೆ ಮೈಸೂರಿನಲ್ಲಿ ಲೋಡಾದ ಗಾಡಿ 9 ದಾಟಿದ ಮೇಲೆ ಚೆಕ್‌ಪೋಸ್ಟ್ ತಲುಪಿದರೆ ರಾತ್ರಿಯಿಡೀ ಅಲ್ಲೇ. ಇದನ್ನೂ ನಕ್ಷೆಯ ಆ ರಸ್ತೆಯ ಪಕ್ಕದಲ್ಲೇ ಬರೆದಿಟ್ಟುಕೊಳ್ಳಬೇಕು.

2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದು ಹಲವರು ಪ್ರಾಣ ಕಳೆದುಕೊಂಡರು, ಲಾರಿ ಗಂಗಾವಳಿ ನದಿಯ ಪಾಲಾಯಿತು, 66ನೇ ಹೆದ್ದಾರಿ ಮುಚ್ಚಿತು. ಅದೇ ತಿಂಗಳು ಶಿರಾಡಿಯಲ್ಲೂ ಮಣ್ಣು ಕುಸಿದು ಸಂಚಾರ ನಿಂತಿತ್ತು. ಬದಲಿ ದಾರಿಗಳೂ ಒಟ್ಟೊಟ್ಟಿಗೆ ಮುಚ್ಚುವ ಇಂಥ ದಿನಗಳಲ್ಲಿ ಹೊರಡದೆ ನಿಲ್ಲುವುದೇ ಸರಿಯಾದ ತೀರ್ಮಾನ. ಅದನ್ನು ಚಾಲಕನೊಬ್ಬನ ತಲೆಗೆ ಕಟ್ಟಬಾರದು. ಮಾಲೀಕರೂ ಬುಕಿಂಗ್ ಆಫೀಸಿನವರೂ 'ಹೇಗಾದರೂ ಇಳಿಸು' ಎನ್ನುವುದನ್ನು ಬಿಡಬೇಕು. ಸರಕು ಸಾಗಿಸಲು ಬೇಕಾದ ಜಿಎಸ್‌ಟಿ ದಾಖಲೆಯಾದ ಇ-ವೇ ಬಿಲ್ ಅವಧಿ ಸಾಮಾನ್ಯ ಸರಕಿಗೆ 200 ಕಿ.ಮೀ.ಗೆ ಒಂದು ದಿನದಂತೆ ಸಿಗುತ್ತದೆ, ಸುತ್ತುದಾರಿಯಲ್ಲಿ ಅದು ತೀರಿಹೋಗಬಹುದು. ಆದರೆ ಅವಧಿ ಮುಗಿಯುವ 8 ಗಂಟೆ ಮೊದಲಿನಿಂದ 8 ಗಂಟೆ ನಂತರದವರೆಗೆ ವಿಸ್ತರಿಸಿಕೊಳ್ಳಲು ಅವಕಾಶವಿದೆ. ಆಫೀಸಿನಲ್ಲಿ ಕೂತವರು ಮಾಡಬಹುದಾದ ಕೆಲಸವಿದು, ಚಾಲಕ ಅದಕ್ಕಾಗಿ ನಿಷೇಧದ ಘಾಟಿಗೆ ನುಗ್ಗಬೇಕಾಗಿಲ್ಲ.

ಸರ್ಕಾರದಿಂದ ಬೇಕಿರುವುದು ದೊಡ್ಡ ಖರ್ಚಿನ ಕೆಲಸವಲ್ಲ. ಮೋಟಾರು ವಾಹನ ಕಾಯ್ದೆಯ 115ನೇ ಸೆಕ್ಷನ್ ಅಡಿ ಜಿಲ್ಲಾಧಿಕಾರಿ ಹೊರಡಿಸುವ ನಿರ್ಬಂಧದ ಆದೇಶ ಕಚೇರಿ ಭಾಷೆಯ ಪಿಡಿಎಫ್ ಆಗಿ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತದೆ. ತಮಿಳುನಾಡಿನ, ರಾಜಸ್ಥಾನದ ಚಾಲಕ ಅದನ್ನು ಓದುವುದು ಹೇಗೆ? ಆದೇಶದ ಜೊತೆ ಒಂದು ಪುಟದ ನಕ್ಷೆ ಇರಲಿ, ಚಕ್ರಗಳ ಚಿತ್ರ ಬರೆದು ಯಾವ ಗಾಡಿಗೆ ಯಾವ ದಾರಿ ಎಂದು ತೋರಿಸಲಿ. ನಿಷೇಧದ ಫಲಕ ಘಾಟಿಯ ಬುಡದಲ್ಲಿದ್ದು ಪ್ರಯೋಜನವಿಲ್ಲ, ಸೋಮೇಶ್ವರದಲ್ಲಿ ಓದಿಕೊಂಡು ಟ್ರೈಲರ್ ತಿರುಗಿಸುವುದೆಲ್ಲಿ? ಅದು ತೀರ್ಥಹಳ್ಳಿ, ಹೆಬ್ರಿ, ಮೂಡಿಗೆರೆ, ಉಜಿರೆಗಳಲ್ಲಿ, ಕವಲಿಗೂ ಮೊದಲೇ ಇರಬೇಕು.

ತಮ್ಮ ಪತ್ರಿಕೆಯಲ್ಲಿಯೂ ಒಂದು ಕೋರಿಕೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹವಾಮಾನದ ಪಕ್ಕದಲ್ಲಿ ಘಾಟಿಗಳ ಸ್ಥಿತಿಯನ್ನು ದಿನವೂ ಪುಟ್ಟ ಚೌಕದಲ್ಲಿ ಕೊಡಿ: ಘಾಟಿಯ ಹೆಸರು, ಎಷ್ಟು ಚಕ್ರದವರೆಗೆ ಪ್ರವೇಶ, ಯಾವ ಹೊತ್ತಿನಲ್ಲಿ, ಹಿಂದಿನ ಸಂಜೆ ಎಷ್ಟು ಗಂಟೆಯ ಮಾಹಿತಿ. ನಮ್ಮ ಚಾಲಕರು ಚಹಾದಂಗಡಿಯಲ್ಲಿ ಪೇಪರ್ ಓದುತ್ತಾರೆ. ಆ ಚೌಕವನ್ನು ಹರಿದು ನಕ್ಷೆಗೆ ಅಂಟಿಸಿಕೊಳ್ಳುತ್ತಾರೆ.

– ಸರಕು ಸಾಗಣೆ ಲಾರಿ ಚಾಲಕರು, ಹಾಸನ