ಮೊಕದ್ದಮೆ ಗೆದ್ದರೂ ಉಳಿಯದ ಕಂಪನಿ

ಮಾನ್ಯ ಸಂಪಾದಕರೇ,

ಆನ್‌ಲೈನ್ ಪೈರಸಿ ವಿರುದ್ಧದ ಕಾನೂನು ಇನ್ನಷ್ಟು ಬಿಗಿಯಾಗಬೇಕೆಂಬ ಒತ್ತಾಯ ಸಿನಿಮಾ ಮತ್ತು ಸಂಗೀತ ಉದ್ಯಮಗಳಿಂದ ಮತ್ತೆ ಮತ್ತೆ ಕೇಳಿಬರುತ್ತಿದೆ. ಇನ್ನೊಬ್ಬರ ದುಡಿಮೆಯನ್ನು ಕದ್ದು ಹಂಚುವುದು ಅಪರಾಧ. ಅದರಲ್ಲಿ ಎರಡು ಮಾತಿಲ್ಲ. ಆದರೆ ಕಳ್ಳರ ಮೇಲೆ ಕಣ್ಣಿಡುವ ಹೊಣೆಯನ್ನು ಜಾಲತಾಣ ನಡೆಸುವವರ ತಲೆಗೆ ಕಟ್ಟಿದರೆ ಹೊಸ ಕಂಪನಿಗಳು ಹುಟ್ಟುವುದೇ ಕಷ್ಟವಾಗುತ್ತದೆ ಎಂಬುದನ್ನು ನಾವು ಗಮನಿಸುತ್ತಿಲ್ಲ.

ಅಮೆರಿಕದ ‘ವಿಯೋ’ ಎಂಬ ವಿಡಿಯೊ ತಾಣಕ್ಕೆ ಆದದ್ದನ್ನೇ ನೋಡಿ. ಬಳಕೆದಾರರು ತಾವೇ ವಿಡಿಯೊ ಹಾಕುವ ತಾಣವದು. ದೂರು ಬಂದ ವಿಡಿಯೊವನ್ನು ಕಂಪನಿ ತೆಗೆದುಹಾಕುತ್ತಿತ್ತು. ಅದೇ ಫೈಲನ್ನು ಇನ್ನೊಬ್ಬರು ಮತ್ತೆ ಹಾಕದಂತೆ ತಡೆಯುವ ತಂತ್ರಾಂಶವನ್ನೂ ಅಳವಡಿಸಿಕೊಂಡಿತ್ತು. ಆದರೂ 2007ರಲ್ಲಿ ಯೂನಿವರ್ಸಲ್ ಮ್ಯೂಸಿಕ್ ಮೊಕದ್ದಮೆ ಹೂಡಿತು. ದೂರು ಬಂದೊಡನೆ ಕ್ರಮ ಕೈಗೊಳ್ಳುವ ತಾಣಗಳಿಗೆ 1998ರ ಡಿಜಿಟಲ್ ಮಿಲೇನಿಯಂ ಕಾಪಿರೈಟ್ ಕಾಯ್ದೆ ನೀಡಿರುವ ರಕ್ಷಣೆ ಈ ಕಂಪನಿಗೂ ಸಲ್ಲುತ್ತದೆ ಎಂದು 2009ರಲ್ಲಿ ನ್ಯಾಯಾಲಯ ತೀರ್ಪಿತ್ತಿತು. ಅಷ್ಟರಲ್ಲಿ ವ್ಯಾಜ್ಯದ ಖರ್ಚು ಕಂಪನಿಯನ್ನು ಹಿಂಡಿ ಹಿಪ್ಪೆ ಮಾಡಿತ್ತು. 2010ರಲ್ಲಿ ಅದು ದಿವಾಳಿಯಾಯಿತು. ಮೇಲ್ಮನವಿ ನ್ಯಾಯಾಲಯವೂ 2011ರಲ್ಲಿ ಅದರ ಪರವಾಗಿಯೇ ತೀರ್ಪು ಕೊಟ್ಟಿತು. ಆದರೆ ಆ ಗೆಲುವನ್ನು ಅನುಭವಿಸಲು ಹಳೆಯ ಕಂಪನಿ ಉಳಿದಿರಲಿಲ್ಲ.

ರಕ್ಷಣೆ ಇದ್ದಾಗಲೇ ಹೀಗಾದರೆ, ಅದನ್ನು ಸಡಿಲಿಸಿದರೆ ಏನಾದೀತು? ಹಿಪ್‌ಹಾಪ್ ಸಂಗೀತದ ಒಂದು ತಾಣದ ವಿಳಾಸವನ್ನು ಅಮೆರಿಕ ಸರ್ಕಾರ 2010ರ ನವೆಂಬರ್‌ನಲ್ಲಿ ಜಪ್ತಿ ಮಾಡಿ, ಒಂದು ವರ್ಷಕ್ಕೂ ಹೆಚ್ಚು ಕಾಲ ಇಟ್ಟುಕೊಂಡು, ಯಾವುದೇ ಆರೋಪ ಹೊರಿಸದೆ ಹಿಂದಿರುಗಿಸಿತು. ಒಂದು ವರ್ಷ ಬಾಗಿಲು ಹಾಕಿಸಿಕೊಂಡ ಸಣ್ಣ ತಾಣ ತನ್ನ ಓದುಗರನ್ನು ಮರಳಿ ಎಲ್ಲಿಂದ ತರಬೇಕು? ಅಲ್ಲಿನ ಸಂಸತ್ತಿನ ಮುಂದೆ ಬಂದ ‘ಸೋಪಾ’ (ಸ್ಟಾಪ್ ಆನ್‌ಲೈನ್ ಪೈರಸಿ ಆಕ್ಟ್) ಎಂಬ ಪೈರಸಿ ತಡೆ ಮಸೂದೆ ಇನ್ನೂ ಮುಂದೆ ಹೋಗಿ, ಆರೋಪಕ್ಕೊಳಗಾದ ವಿದೇಶಿ ತಾಣಗಳಿಗೆ ಜಾಹೀರಾತು ಮತ್ತು ಹಣ ಪಾವತಿಯ ದಾರಿಗಳನ್ನೇ ಮುಚ್ಚಿಸಲು ಹೊರಟಿತ್ತು. 2012ರ ಜನವರಿ 18ರಂದು ವಿಕಿಪೀಡಿಯ ತನ್ನ ಇಂಗ್ಲಿಷ್ ಆವೃತ್ತಿಯನ್ನು ಇಡೀ ದಿನ ಮುಚ್ಚಿ ಪ್ರತಿಭಟಿಸಿದ ಮೇಲೆಯೇ ಆ ಮಸೂದೆ ಮೂಲೆ ಸೇರಿತು.

ಬಿಗಿ ಕಾನೂನು ದೊಡ್ಡ ಕಂಪನಿಗಳಿಗೆ ಅಷ್ಟಾಗಿ ತಟ್ಟುವುದಿಲ್ಲ. ಇನ್ನೊಬ್ಬರ ಹಾಡು, ವಿಡಿಯೊಗಳನ್ನು ತಾನಾಗಿಯೇ ಪತ್ತೆಹಚ್ಚುವ ಯೂಟ್ಯೂಬ್‌ನ ‘ಕಂಟೆಂಟ್ ಐಡಿ’ ವ್ಯವಸ್ಥೆಗೆ 10 ಕೋಟಿ ಡಾಲರ್‌ಗೂ ಹೆಚ್ಚು ಹೂಡಿರುವುದಾಗಿ ಗೂಗಲ್ 2018ರಲ್ಲಿ ಹೇಳಿಕೊಂಡಿತು. ಅಷ್ಟು ಬಂಡವಾಳವನ್ನು ಹೊಸಬರು ಎಲ್ಲಿಂದ ತಂದಾರು? ಪೈಪೋಟಿ ಕೊಡುವವರೇ ಇಲ್ಲದಿದ್ದರೆ ಹಾಡುಗಾರರೂ ಒಂದೆರಡು ಕಂಪನಿಗಳು ಗೊತ್ತುಮಾಡಿದ ದರಕ್ಕೇ ಒಪ್ಪಿಕೊಳ್ಳಬೇಕಾಗುತ್ತದೆ. ಯುರೋಪ್ ಒಕ್ಕೂಟದ 2019ರ ಕಾಪಿರೈಟ್ ನಿರ್ದೇಶನದಲ್ಲಿ ಸಣ್ಣ ಕಂಪನಿಗಳಿಗೆ ರಿಯಾಯಿತಿ ಇದೆಯಾದರೂ ಅದು ಮೊದಲ ಮೂರು ವರ್ಷಕ್ಕಷ್ಟೇ.

ಆದ್ದರಿಂದ ಕಾನೂನು ರೂಪಿಸುವವರು ಕದ್ದು ಹಂಚಿ ಹಣ ಮಾಡುವವರನ್ನೇ ನೇರವಾಗಿ ಗುರಿ ಮಾಡಲಿ, ತಾಣ ಮುಚ್ಚಿಸುವ ಮೊದಲು ಅದರ ಮಾಲೀಕರ ವಾದವನ್ನು ನ್ಯಾಯಾಲಯ ಕೇಳಲಿ, ಮತ್ತು ಗೊತ್ತಿದ್ದೂ ಸುಳ್ಳು ದೂರು ಕೊಟ್ಟವರಿಂದಲೇ ವ್ಯಾಜ್ಯದ ಖರ್ಚನ್ನು ಪೂರ್ತಿಯಾಗಿ ವಸೂಲು ಮಾಡುವ ವ್ಯವಸ್ಥೆಯಾಗಲಿ ಎಂದು ಕೋರುತ್ತೇನೆ.

ಇಂತಿ,
ತಮ್ಮ ಪತ್ರಿಕೆಯ ಓದುಗ