ಒಸಾಕಾ ನಿಲ್ದಾಣದ ಹೆಸರಿನ ಜೊತೆ ಸಂಖ್ಯೆಯನ್ನೂ ಅಚ್ಚು ಮಾಡಿ

ಮಾನ್ಯ ಸಂಪಾದಕರೆ,

ಜಪಾನ್ ಪ್ರವಾಸದ ಬಗ್ಗೆ ಕನ್ನಡದಲ್ಲಿ ಬರುವ ಲೇಖನಗಳಲ್ಲಿ ‘ಒಸಾಕಾ ಸ್ಟೇಷನ್ನಿನಲ್ಲಿ ಇಳಿದು ಮೆಟ್ರೊ ಹಿಡಿಯಿರಿ’ ಎಂಬ ಸಾಲು ಇದ್ದೇ ಇರುತ್ತದೆ. ಓದಲು ಸಲೀಸು. ಅದನ್ನೇ ನಂಬಿ ಸೂಟ್‌ಕೇಸ್ ಎಳೆದುಕೊಂಡು ಹೊರಟವರು ನೆಲದಡಿಯ ಅಂಗಡಿ ಸಾಲುಗಳಲ್ಲಿ ದಿಕ್ಕು ತಪ್ಪಿ ಅಲೆಯುವುದು ಒಸಾಕಾದಲ್ಲಿ ನೆಲೆಸಿರುವ ನಮಗೆ ದಿನನಿತ್ಯದ ನೋಟ. ಒಸಾಕಾ ಸ್ಟೇಷನ್ ಇರುವ ಪ್ರದೇಶದ ಹೆಸರು ಉಮೆದಾ. ಆ ಮೇಲೆ ‘ಉಮೆದಾ ಎಂದರೆ ಚಕ್ರವ್ಯೂಹ’ ಎಂಬ ಮಾತು ಹುಟ್ಟುತ್ತದೆ. ಜಾಗ ದೊಡ್ಡದು, ನಿಜ. ಆದರೆ ಜನ ದಾರಿ ತಪ್ಪುತ್ತಿರುವುದು ಅದರ ವಿಸ್ತಾರದಿಂದಲ್ಲ, ಅವರ ಕೈಗೆ ಕೊಟ್ಟ ವಿಳಾಸವೇ ಅರ್ಧಂಬರ್ಧ ಆಗಿರುವುದರಿಂದ.

ಅಲ್ಲಿ ನಾಲ್ಕು ಸಂಸ್ಥೆಗಳ ಏಳು ನಿಲ್ದಾಣಗಳು ಒತ್ತೊತ್ತಿಗೆ ಇವೆ. ಜೆಆರ್ (ಜಪಾನ್ ರೈಲ್ವೇಸ್) ಸಂಸ್ಥೆಯ ಒಸಾಕಾ ಮತ್ತು ಸ್ವಲ್ಪ ದಕ್ಷಿಣಕ್ಕೆ ಅದೇ ಸಂಸ್ಥೆಯ ಕಿತಾಶಿಂಚಿ. ಹಾಂಕ್ಯೂ ಮತ್ತು ಹಾನ್ಶಿನ್ ಎಂಬ ಖಾಸಗಿ ರೈಲುಗಳದ್ದು ತಲಾ ಒಂದು. 2019ರ ಅಕ್ಟೋಬರ್‌ವರೆಗೆ ಎರಡರ ಹೆಸರೂ ಉಮೆದಾ, ಈಗ ಎರಡೂ ಒಸಾಕಾ-ಉಮೆದಾ. ಒಸಾಕಾ ಮೆಟ್ರೊದ್ದು ಮೂರು: ಮಿದೊಸುಜಿ ಮಾರ್ಗದ ಉಮೆದಾ, ಪೂರ್ವಕ್ಕೆ ತಾನಿಮಾಚಿ ಮಾರ್ಗದ ಹಿಗಾಶಿ-ಉಮೆದಾ, ಪಶ್ಚಿಮಕ್ಕೆ ಯೊತ್ಸುಬಾಶಿ ಮಾರ್ಗದ ನಿಶಿ-ಉಮೆದಾ. ಬೆಂಗಳೂರಿನಲ್ಲಿ ರೈಲು, ಮೆಟ್ರೊ, ಬಸ್ಸು ಮೂರಕ್ಕೂ ‘ಮೆಜೆಸ್ಟಿಕ್’ ಎಂದರೆ ಸಾಕು, ಆಟೊದವರು ಕರೆದೊಯ್ಯುತ್ತಾರೆ. ಇಲ್ಲಿ ಹಾಗೆ ಒಂದೇ ಹೆಸರು ಹಿಡಿದು ಹೊರಟರೆ ಕೆಟ್ಟಿರಿ. ಹಿಡಿಯಬೇಕಾದ್ದು ಪ್ರತಿ ನಿಲ್ದಾಣಕ್ಕೂ ಕೊಟ್ಟಿರುವ ಸಂಖ್ಯೆಯನ್ನು. ಉಮೆದಾ ಎಂ16, ಬಣ್ಣ ಕೆಂಪು. ಹಿಗಾಶಿ-ಉಮೆದಾ ಟಿ20, ನೇರಳೆ. ನಿಶಿ-ಉಮೆದಾ ವೈ11, ನೀಲಿ. ಹಾಂಕ್ಯೂ ಎಚ್‌ಕೆ01, ಹಾನ್ಶಿನ್ ಎಚ್‌ಎಸ್01. ಜಪಾನಿ ಲಿಪಿ ಒಂದಕ್ಷರ ಬಾರದಿದ್ದರೂ ಈ ಅಕ್ಷರ, ಅಂಕಿ, ಬಣ್ಣ ಫಲಕಗಳಲ್ಲಿ ಕಾಣುತ್ತವೆ. ನೆಲದಡಿಯ ಅಂಗಡಿ ಬೀದಿಗಳು ಬೇರೆ ಬೇರೆ ಆಡಳಿತಗಳಿಗೆ ಸೇರಿದವು. ಒಂದು ಬೀದಿ ಮುಗಿದು ಇನ್ನೊಂದು ಶುರುವಾದಲ್ಲಿ ಫಲಕದ ವಿನ್ಯಾಸವೇ ಬದಲಾಗುತ್ತದೆ. ಫೋನಿನ ಜಿಪಿಎಸ್ ಕೂಡ ಅಲ್ಲಿ ನೆಚ್ಚುವಂತಿಲ್ಲ.

ಮೂರು ಮೆಟ್ರೊ ನಿಲ್ದಾಣಗಳು ಒಂದೇ ಸೂರಿನಡಿ ಯಾಕಿಲ್ಲ ಎಂದು ಯಾರಿಗಾದರೂ ಅನ್ನಿಸಬೇಕಾದ್ದೇ. ಮಿದೊಸುಜಿ ಮಾರ್ಗ 1933ರಲ್ಲಿ ಶುರುವಾದಾಗ ಓಡಿದ್ದು ಒಂದೊಂದು ಬೋಗಿಯ ರೈಲು. ಆದರೂ ಮುಂದೆ ಉದ್ದನೆಯ ರೈಲುಗಳು ಬರುತ್ತವೆಂದು ಪ್ಲಾಟ್‌ಫಾರ್ಮ್‌ಗಳನ್ನು ಆಗಲೇ ಉದ್ದಕ್ಕೆ ಕಟ್ಟಿದ್ದರು. ಇವತ್ತು ಅಲ್ಲಿ ಹತ್ತು ಬೋಗಿಯ ರೈಲುಗಳು ನಿಲ್ಲುತ್ತವೆ. ನಿಶಿ-ಉಮೆದಾ 1965ರಲ್ಲಿ, ಹಿಗಾಶಿ-ಉಮೆದಾ 1967ರಲ್ಲಿ ಬಂದವು. ತಾನಿಮಾಚಿ ಮಾರ್ಗವನ್ನು ಉಮೆದಾದ ಪಕ್ಕದಲ್ಲೇ ತರುವ ಯೋಚನೆಯಿಂದ ಸುರಂಗ ಸಿದ್ಧವಾಗಿತ್ತು. ಯೋಜನೆ ಬದಲಾಗಿ ನಿಲ್ದಾಣ ಪೂರ್ವಕ್ಕೆ ಸರಿಯಿತು. ಖಾಲಿ ಬಿದ್ದ ಸುರಂಗವನ್ನು 1989ರಲ್ಲಿ ಮಿದೊಸುಜಿಯ ಪ್ಲಾಟ್‌ಫಾರ್ಮ್ ಅಗಲಿಸಲು ಬಳಸಿಕೊಂಡರು. ಉಮೆದಾದ ಪ್ಲಾಟ್‌ಫಾರ್ಮ್ ಅಷ್ಟು ಅಗಲ ಇರುವುದಕ್ಕೆ ಕಾರಣ ಅದು. ಕಟ್ಟಿದ್ದನ್ನು ವ್ಯರ್ಥ ಬಿಡದ ಈ ರೀತಿ ನಮಗೆ ತುಂಬ ಮೆಚ್ಚುಗೆ.

ಈ ಮೂರು ಮೆಟ್ರೊ ನಿಲ್ದಾಣಗಳ ನಡುವೆ ರೈಲು ಬದಲಿಸುವಾಗ ಗೇಟಿನಿಂದ ಹೊರಬಂದು, ನಡೆದು, ಮತ್ತೆ ಒಳಗೆ ಹೋಗಬೇಕು. 30 ನಿಮಿಷದೊಳಗೆ ಮತ್ತೆ ಒಳಹೊಕ್ಕರೆ ಒಂದೇ ಪ್ರಯಾಣ ಎಂದು ಲೆಕ್ಕ ಹಾಕುತ್ತಾರೆ. ಮೊದಲೇ ಹಣ ತುಂಬಿಸಿ ಗೇಟಿಗೆ ಮುಟ್ಟಿಸುವ ಇಕೋಕಾದಂಥ ಕಾರ್ಡು ಇದ್ದರೆ ಯಾವ ಗೇಟಾದರೂ ಸರಿ. ಕಾಗದದ ಟಿಕೆಟ್ ಇದ್ದರೆ ಹಸಿರು ಬಣ್ಣದ ಗೇಟಿನಲ್ಲೇ ತೂರಿಸಬೇಕು. ಬೇರೆ ಗೇಟಿಗೆ ಹಾಕಿದರೆ ಅದು ಟಿಕೆಟ್ ನುಂಗಿಬಿಡುತ್ತದೆ, ಮತ್ತೆ ಹೊಸದಾಗಿ ದುಡ್ಡು ಕೊಡಬೇಕು. ಮಧ್ಯೆ ಊಟಕ್ಕೆ ಕೂತರೆ 30 ನಿಮಿಷ ಕಳೆದೇ ಹೋಗುತ್ತದೆ.

ಊರಿನ ದಕ್ಷಿಣದ ಪೇಟೆ ಪ್ರದೇಶ ನಂಬಾಕ್ಕೆ ಹೋಗುವವರೆಲ್ಲ ಮಿದೊಸುಜಿಯನ್ನೇ ಹಿಡಿಯುತ್ತಾರೆ: ಎಂ16ರಿಂದ ಎಂ20, ನಾಲ್ಕನೇ ನಿಲ್ದಾಣ. ಸಂಖ್ಯೆ ಏರುವ ದಿಕ್ಕಿನ ರೈಲು ದಕ್ಷಿಣಕ್ಕೆ, ಇಳಿಯುವ ದಿಕ್ಕಿನದು ಶಿನ್-ಒಸಾಕಾ (ಎಂ13) ಕಡೆಗೆ. ಬೆಳಗಿನ ಹೊತ್ತು ಕಾಲಿಡಲು ಜಾಗ ಇರುವುದಿಲ್ಲ. ಸಾಮಾನು ಹೆಚ್ಚಿದ್ದರೆ ನಿಶಿ-ಉಮೆದಾಗೆ ನಡೆದುಹೋಗಿ. ಯೊತ್ಸುಬಾಶಿ ಮಾರ್ಗ ಅಲ್ಲಿಂದಲೇ ಶುರು. ಖಾಲಿ ರೈಲು ಸಿಗುತ್ತದೆ, ತಪ್ಪು ದಿಕ್ಕಿನದು ಹತ್ತುವ ಪ್ರಶ್ನೆಯೇ ಇಲ್ಲ. ಅದರ ನಂಬಾ ವೈ15. ಮಿದೊಸುಜಿಯ ನಂಬಾಕ್ಕಿಂತ ಕೊಂಚ ಪಶ್ಚಿಮಕ್ಕೆ ಹೊರಬರುತ್ತೀರಿ, ಅಷ್ಟೇ. ಮಿದೊಸುಜಿಯ 6ನೇ ಬೋಗಿ ಕೆಲಸದ ದಿನಗಳಲ್ಲಿ ಇಡೀ ದಿನ ಮಹಿಳೆಯರಿಗೆ ಮೀಸಲು. ಪ್ಲಾಟ್‌ಫಾರ್ಮ್ ನೆಲದ ಮೇಲೆ ಗುಲಾಬಿ ಗುರುತು ಇರುತ್ತದೆ, ಗಂಡಸರು ನೋಡಿಕೊಂಡು ನಿಲ್ಲುವುದು ಒಳ್ಳೆಯದು.

ಜೆಆರ್ ಒಸಾಕಾದಲ್ಲಿ ಹೆಚ್ಚು ಎಡವಟ್ಟಾಗುವುದು 1ನೇ ಪ್ಲಾಟ್‌ಫಾರ್ಮಿನಲ್ಲಿ. ಅದು ಊರು ಸುತ್ತುವ ಲೂಪ್ ಲೈನಿನ ಪ್ಲಾಟ್‌ಫಾರ್ಮ್. ಲೂಪ್ ಲೈನ್ ಎಂದ ಮೇಲೆ ಎಲ್ಲ ರೈಲೂ ಊರು ಸುತ್ತಿ ಬರುತ್ತವೆ ಎಂದು ಹೊಸಬರು ಅಂದುಕೊಳ್ಳುತ್ತಾರೆ. ಆದರೆ ಯೂನಿವರ್ಸಲ್ ಸ್ಟುಡಿಯೊ ಥೀಮ್ ಪಾರ್ಕಿನ ಬಳಿಯ ಯೂನಿವರ್ಸಲ್ ಸಿಟಿಗೆ ಹೋಗುವ ರೈಲು, ನಾರಾ ಕಡೆಗಿನ ಯಮಾತೊಜಿ ರ‍್ಯಾಪಿಡ್, ವಿಮಾನ ನಿಲ್ದಾಣಕ್ಕೂ ವಾಕಾಯಾಮಕ್ಕೂ ಹೋಗುವ ರೈಲು ಎಲ್ಲವೂ ಹೊರಡುವುದು ಅಲ್ಲಿಂದಲೇ. ಬೋರ್ಡಿನಲ್ಲಿ ಕೊನೆಯ ನಿಲ್ದಾಣದ ಹೆಸರು ನೋಡದೆ ಹತ್ತಿದರೆ ತೆನ್ನೋಜಿ ದಾಟಿ ನಾರಾ ದಾರಿ ಹಿಡಿದಿರುತ್ತೀರಿ. ಕಾನ್ಸಾಯ್ ವಿಮಾನ ನಿಲ್ದಾಣಕ್ಕೆ ಹೋಗುವ ರ‍್ಯಾಪಿಡ್‌ನಲ್ಲಿ ಇನ್ನೊಂದು ತೊಡಕು. ಎಂಟು ಬೋಗಿಯ ಆ ರೈಲು ಹಿನೆನೊ ಎಂಬಲ್ಲಿ ಇಬ್ಭಾಗವಾಗುತ್ತದೆ. ಮುಂದಿನ ನಾಲ್ಕು, ಅಂದರೆ 1ರಿಂದ 4, ವಿಮಾನ ನಿಲ್ದಾಣಕ್ಕೆ. 5ರಿಂದ 8 ವಾಕಾಯಾಮಕ್ಕೆ. ನಿದ್ದೆ ಹೋಗಿ 6ನೇ ಬೋಗಿಯಲ್ಲೇ ಉಳಿದವರು ವಿಮಾನ ತಪ್ಪಿಸಿಕೊಳ್ಳುತ್ತಾರೆ. ಹಿಂದಿನ ಬೋಗಿ ಹತ್ತಿದ್ದು ದಾರಿಯಲ್ಲಿ ಗೊತ್ತಾದರೆ ಹಿನೆನೊದಲ್ಲಿ ಇಳಿದು, ಪ್ಲಾಟ್‌ಫಾರ್ಮಿನ ಮೇಲೆ ಮುಂದಕ್ಕೆ ನಡೆದು ಹತ್ತಬೇಕು.

ಕ್ಯೋತೊ, ಕೋಬೆ ಕಡೆಯ ಜೆಆರ್ ಪ್ಲಾಟ್‌ಫಾರ್ಮ್‌ಗಳ ನೆಲವನ್ನು ಒಮ್ಮೆ ಗಮನಿಸಿ. ತ್ರಿಕೋನ ಮತ್ತು ವೃತ್ತದ ಗುರುತುಗಳು ಅಂಕಿಯೊಂದಿಗೆ ಇರುತ್ತವೆ. ತ್ರಿಕೋನ ಪ್ರತಿ ಬೋಗಿಗೆ ಮೂರು ಬಾಗಿಲಿನ ರೈಲಿಗೆ, ವೃತ್ತ ನಾಲ್ಕು ಬಾಗಿಲಿನದಕ್ಕೆ. ಬರುವ ರೈಲಿನ ಗುರುತನ್ನು ತಲೆ ಮೇಲಿನ ಬೋರ್ಡು ತೋರಿಸುತ್ತದೆ. ಕ್ಯೋತೊಗೆ ಸುಮಾರು ಅರ್ಧ ಗಂಟೆಯಲ್ಲಿ ಮುಟ್ಟಿಸುವ ವೇಗದ ರೈಲು ಶಿನ್‌ಕಾಯ್‌ಸೊಕುಗೆ ತ್ರಿಕೋನದ ಸಾಲಿನಲ್ಲಿ ನಿಲ್ಲಬೇಕು. ವೃತ್ತದ ಮುಂದೆ ನಿಂತವರ ಎದುರಿಗೆ ಬರೀ ಬೋಗಿಯ ಗೋಡೆ ಬಂದು ನಿಲ್ಲುತ್ತದೆ.

2023ರ ಮಾರ್ಚ್‌ನಲ್ಲಿ ತೆರೆದ, ಜೆಆರ್ ಒಸಾಕಾದ ನೆಲದಡಿಯ ಉಮೆಕಿತಾ ಭಾಗದ ಬಗ್ಗೆ ಹಳೆಯ ಲೇಖನಗಳಲ್ಲಿ ಸುಳಿವೇ ಇಲ್ಲ. ಪ್ಲಾಟ್‌ಫಾರ್ಮ್ 21ರಿಂದ 24. ವಿಮಾನ ನಿಲ್ದಾಣದ ಹಾರುಕಾ ಎಕ್ಸ್‌ಪ್ರೆಸ್ ಮೊದಲು ಒಸಾಕಾದಲ್ಲಿ ನಿಲ್ಲುತ್ತಲೇ ಇರಲಿಲ್ಲ, ಈಗ ಇಲ್ಲಿ ನಿಲ್ಲುತ್ತದೆ. 21ರಲ್ಲಿ ನೆಲದಿಂದ ಮೇಲಿನವರೆಗೆ ಗಾಜಿನ ಬಾಗಿಲುಗಳು. ಬರುವ ರೈಲಿನ ಬಾಗಿಲು ಎಲ್ಲೆಲ್ಲಿದೆಯೋ ಅಲ್ಲಲ್ಲಿಗೆ ಆ ಹಲಗೆಗಳೇ ಸರಿದುಕೊಂಡು ತೆರೆಯುತ್ತವೆ. ನೋಡಲೇಬೇಕಾದ ಕೆಲಸ. ಮೇಲಿನ ಪ್ಲಾಟ್‌ಫಾರ್ಮ್‌ಗಳಿಂದ ಗೇಟು ದಾಟದೆಯೇ ಅಲ್ಲಿಗೆ ಹೋಗಬಹುದು, ಆದರೆ ನಡಿಗೆ ಉದ್ದ; ಸಾಮಾನಿದ್ದರೆ ಹತ್ತು ಹದಿನೈದು ನಿಮಿಷ ಕೈಯಲ್ಲಿಟ್ಟುಕೊಳ್ಳಿ. ಹಾರುಕಾಗೆ ಇಕೋಕಾ ಒಂದೇ ಸಾಲದು, ಎಕ್ಸ್‌ಪ್ರೆಸ್ ಟಿಕೆಟ್ ಬೇರೆ ಕೊಳ್ಳಬೇಕು. ಶಿಂಕಾನ್ಸೆನ್ (ಬುಲೆಟ್ ರೈಲು) ಮಾತ್ರ ಜೆಆರ್ ಒಸಾಕಾಗೆ ಬರುವುದೇ ಇಲ್ಲ. ಅದಕ್ಕೆ ಜೆಆರ್‌ನಲ್ಲಿ ಒಂದು ನಿಲ್ದಾಣ ಆಚೆಯ ಶಿನ್-ಒಸಾಕಾಗೆ ಹೋಗಬೇಕು.

ಕಾರ್ಡಿನ ವಿಚಾರ. ಇಕೋಕಾ ಬೆಲೆ 2,000 ಯೆನ್, ಅದರಲ್ಲಿ 500 ಠೇವಣಿ. ಒಬ್ಬರಿಗೆ ಒಂದು ಕಾರ್ಡು. ಗಂಡ ದಾಟಿದ ಮೇಲೆ ಹೆಂಡತಿಗೆ ಅದೇ ಕಾರ್ಡು ಕೊಟ್ಟರೆ ಗೇಟು ತೆರೆಯದು. 6ರಿಂದ 11 ವರ್ಷದ ಮಕ್ಕಳಿಗೆ ಅರ್ಧ ದರದ ಕಾರ್ಡನ್ನು ಪಾಸ್‌ಪೋರ್ಟ್ ತೋರಿಸಿ ಕೌಂಟರಿನಲ್ಲಿ ಪಡೆಯಬೇಕು. ಹಣ ಸಾಲದೆ ಗೇಟು ಮುಚ್ಚಿಕೊಂಡರೆ ಗಾಬರಿ ಬೇಡ, ಒಳಗೇ ಹತ್ತಿರದಲ್ಲಿ ದರ ಹೊಂದಿಸುವ ಯಂತ್ರ ಇರುತ್ತದೆ, ನೋಟು ಇಟ್ಟುಕೊಂಡಿರಿ. ತಪ್ಪು ಸಂಸ್ಥೆಯ ಗೇಟಿಗೆ ಕಾರ್ಡು ಮುಟ್ಟಿಸಿ ಒಳಹೊಕ್ಕವರು ಆ ಗೇಟಿನ ಸಿಬ್ಬಂದಿಗೇ ಹೇಳಿ ದಾಖಲೆ ಸರಿಪಡಿಸಿಕೊಂಡು ಹೊರಬರಬೇಕು. ಹೇಗೋ ನುಸುಳಿ ಬಂದರೆ ಮುಂದಿನ ನಿಲ್ದಾಣದಲ್ಲಿ ಕಾರ್ಡು ಕೆಲಸ ಮಾಡದು, ಅಲ್ಲಿಯವರು ಬೇರೆ ಸಂಸ್ಥೆಯವರಾದರೆ ಅವರಿಂದ ಬಗೆಹರಿಯದೆಯೂ ಇರಬಹುದು. ದುಬಾರಿ ಜೆಆರ್ ಪಾಸು ಮೆಟ್ರೊ, ಹಾಂಕ್ಯೂ, ಹಾನ್ಶಿನ್ ಯಾವುದರಲ್ಲೂ ನಡೆಯುವುದಿಲ್ಲ. ಇದನ್ನು ಪಾಸು ಕೊಳ್ಳುವ ಮೊದಲೇ ಓದುಗರಿಗೆ ಹೇಳಬೇಕು.

ಕ್ಯೋತೊಗೆ ಹಾಂಕ್ಯೂ ಕೂಡ ಹೋಗುತ್ತದೆ, ಆದರೆ ಅದು ಮುಟ್ಟುವುದು ಗಿಯೊನ್ ಬಡಾವಣೆಯ ಬಳಿಯ ಕ್ಯೋತೊ-ಕವರಾಮಾಚಿಗೆ, ಕ್ಯೋತೊ ಸ್ಟೇಷನ್ನಿಗಲ್ಲ. ಹೋಟೆಲು ಎಲ್ಲಿದೆ ಎಂಬುದರ ಮೇಲೆ ರೈಲು ಆರಿಸಿ.

ಎಸ್ಕಲೇಟರಿನಲ್ಲಿ ಒಸಾಕಾದವರು ಬಲಕ್ಕೆ ನಿಲ್ಲುತ್ತಾರೆ, ತೋಕ್ಯೊದವರು ಎಡಕ್ಕೆ. ಎರಡೂ ಕಡೆ ನಿಂತೇ ಹೋಗಿ, ನಡೆಯಬೇಡಿ ಎಂದು ಫಲಕಗಳು ಕೇಳಿಕೊಳ್ಳುತ್ತವೆ. ದೊಡ್ಡ ಸೂಟ್‌ಕೇಸ್, ಗಾಲಿಕುರ್ಚಿ, ವಯಸ್ಸಾದ ತಂದೆತಾಯಿ ಜೊತೆಗಿದ್ದರೆ ಲಿಫ್ಟನ್ನೇ ಹುಡುಕಿ. ಎಲ್ಲ ಗೇಟುಗಳ ಬಳಿಯೂ ಲಿಫ್ಟ್ ಇರುವುದಿಲ್ಲವಾದ್ದರಿಂದ ಹೊರಡುವ ಮುನ್ನವೇ ನಿಲ್ದಾಣದ ನಕ್ಷೆಯಲ್ಲಿ ಗುರುತಿಸಿಟ್ಟುಕೊಳ್ಳಬೇಕು. ಮಧ್ಯರಾತ್ರಿಯ ಹೊತ್ತಿಗೆ ಕೊನೆಯ ರೈಲುಗಳು ಹೊರಟುಹೋಗುತ್ತವೆ, ರಾತ್ರಿಯಿಡೀ ಓಡುವ ಮೆಟ್ರೊ ಇಲ್ಲಿಲ್ಲ.

ಆದ್ದರಿಂದ ತಮ್ಮಲ್ಲಿ ಒಂದು ಕೋರಿಕೆ. ಪ್ರವಾಸ ಪುಟದಲ್ಲಿ ಜಪಾನಿನ ನಿಲ್ದಾಣದ ಹೆಸರು ಬಂದಾಗಲೆಲ್ಲ ಸಂಸ್ಥೆ, ಸಂಖ್ಯೆ, ಗೇಟು ಮೂರನ್ನೂ ಸೇರಿಸಿ ಅಚ್ಚು ಮಾಡಿ. ‘ಒಸಾಕಾ ಸ್ಟೇಷನ್ನಿನಿಂದ ನಂಬಾಕ್ಕೆ ಮೆಟ್ರೊ’ ಎನ್ನುವ ಬದಲು ‘ಜೆಆರ್ ಒಸಾಕಾದಲ್ಲಿ ಪೂರ್ವ ತುದಿಯ ಮಿದೊಸುಜಿ ಗೇಟಿನಿಂದ ಹೊರಬಂದು, ಕೆಳಗಿಳಿದು ಕೆಂಪು ಎಂ16, ಇಳಿಯಬೇಕಾದ್ದು ಎಂ20’ ಎಂದರೆ ಎರಡು ಸಾಲು ಹೆಚ್ಚಾದೀತು. ಲೇಖಕರು ಕೊಡದಿದ್ದರೆ ಕೇಳಿ ಪಡೆಯಿರಿ.

ಇಂತಿ,
ಒಸಾಕಾ ಸುತ್ತಮುತ್ತ ನೆಲೆಸಿರುವ ಕನ್ನಡಿಗರು