ಮೊದಲು ತೇವ ಎಲ್ಲಿಂದ ಎಂದು ಕೇಳಿ

ಮಾನ್ಯ ಸಂಪಾದಕರೇ,

ಮನೆ ರಿಪೇರಿ, ಪೇಂಟಿಂಗ್ ಹವ್ಯಾಸ ಇರುವವರು ಈಗ ಮೊಬೈಲಿನಲ್ಲೇ ಒಬ್ಬರಿಗೊಬ್ಬರು ಸಲಹೆ ಕೊಡುತ್ತಾರೆ. ನನಗೂ ಇದರಿಂದ ತುಂಬಾ ಉಪಯೋಗವಾಗಿದೆ. ಗೋಡೆ ನುಣುಪಾಗಲೆಂದು ಬಳಿದ ಪುಟ್ಟಿ ಒಣಗಿದ ಮೇಲೆ ಟಾರ್ಚನ್ನು ಗೋಡೆಗೆ ಒತ್ತಿ ಓರೆಯಾಗಿ ಹಿಡಿದರೆ ಉಬ್ಬುತಗ್ಗು ಎಲ್ಲಾ ಕಾಣುತ್ತದೆ ಎಂದು ಕಲಿಸಿದ್ದು ನಾನು ಮುಖವನ್ನೇ ನೋಡಿರದ ಒಬ್ಬ ಹಿರಿಯರು.

ಆದರೆ ಒಂದು ವಿಷಯ ಬೇಸರ ತರುತ್ತದೆ. ಯಾರಾದರೂ ಬಣ್ಣ ಎದ್ದುಹೋದ ಗೋಡೆಯ ಫೋಟೊ ಹಾಕಿದರೆ ಸಾಕು, ಇಂಥ ಪೇಂಟ್ ಹಚ್ಚಿ ಎಂಬ ಉತ್ತರಗಳೇ ಜಾಸ್ತಿ. ತೇವ ಎಲ್ಲಿಂದ ಬರುತ್ತಿದೆ ಎಂದು ಕೇಳುವವರು ಕಡಿಮೆ. ಅದು ಗೊತ್ತಾಗದೆ ಸುಮ್ನೆ ಬಳಿದರೆ ಮತ್ತೆ ಏಳುತ್ತದೆ, ಅಲ್ವಾ?

ಪತ್ತೆ ಮಾಡುವುದು ಕಷ್ಟವೇನಲ್ಲ. ಒಂದು ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗಿಟ್ಟು ನಾಲ್ಕೂ ಅಂಚಿಗೆ ಗಾಳಿಯಾಡದಂತೆ ಟೇಪ್ ಅಂಟಿಸಿ. ಒಂದೆರಡು ದಿನ ಬಿಡಿ. ಹಾಳೆಯ ಹಿಂದೆ, ಗೋಡೆಯ ಕಡೆ ಹನಿ ಕಟ್ಟಿದ್ದರೆ ತೇವ ಗೋಡೆಯೊಳಗಿನದು. ಪೈಪು ಸೋರುತ್ತಿದೆಯೋ, ಹೊರಗೆ ಬಿರುಕು ಬಿಟ್ಟಿದೆಯೋ ನೋಡಬೇಕು. ಹನಿ ಹಾಳೆಯ ಮುಂದೆ ಇದ್ದರೆ ಅದು ಕೋಣೆಯ ಗಾಳಿಯದು, ಗಾಳಿಯಾಡುವಂತೆ ಮಾಡಿದರೆ ಎಷ್ಟೋ ಕಡಿಮೆಯಾಗುತ್ತದೆ. ಬಿಳಿ ಉಪ್ಪು ಮೂಡಿದ್ದರೆ ಒಣ ಬ್ರಷ್‌ನಿಂದಲೇ ಉಜ್ಜಿ. ನೀರು ಹಾಕಿದರೆ ಉಪ್ಪು ಕರಗಿ ಮತ್ತೆ ಗೋಡೆಗೇ ಇಳಿಯುತ್ತದೆ. ಹೊಸ ಸಿಮೆಂಟ್ ಗಾರೆಯಾದರೆ ಬಣ್ಣ ಹಚ್ಚುವ ಮೊದಲು ಕನಿಷ್ಠ 28 ದಿನ ಕಾಯಿರಿ.

ಸಲಹೆ ಕೇಳುವವರೂ ಗೋಡೆಯ ಆಚೆ ಬದಿ ಬಚ್ಚಲಿದೆಯೇ, ಬಯಲಿದೆಯೇ ಹೇಳಲಿ. ಕೆಲಸ ಮುಗಿದ ದಿನದ ಫೋಟೊ ಎಲ್ಲರೂ ಹಾಕುತ್ತಾರೆ. ಒಂದು ಮಳೆಗಾಲ ಕಳೆದ ಮೇಲಿನದನ್ನೂ ದಯವಿಟ್ಟು ಹಾಕಿ.

– ಒಬ್ಬ ಓದುಗಿ